ಹಳೆಯ ಹೆಜ್ಜೆಗೆ ಹೊಸ ರಂಗಸ್ಥಳ

ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ 2011ರಲ್ಲಿ 'ಸ್ಕೈರಿಮ್' ವಿಡಿಯೋ ಗೇಮ್ ಹೊರತಂದಾಗ, ಅದರ ಪಾತ್ರಗಳಿಗೆ ಹೊಸ ನಡಿಗೆ, ಕತ್ತಿವರಸೆಗಳನ್ನು ಹವ್ಯಾಸಿಗಳೇ ರಚಿಸಿ ಉಚಿತವಾಗಿ ಹಂಚಿದರು. 2016ರಲ್ಲಿ ಅದೇ ಆಟದ ವಿಶೇಷ ಆವೃತ್ತಿ ಬಂತು. ಕಂಪ್ಯೂಟರಿನಲ್ಲಿ ಹಳೆಯದು 32 ಬಿಟ್, ಹೊಸದು 64 ಬಿಟ್. ಹಳೆಯ ಚಲನೆಯ ಫೈಲನ್ನು ಹಾಗೆಯೇ ಹಾಕಿದರೆ ಪಾತ್ರ ಕೈ ಚಾಚಿ ಗೊಂಬೆಯಂತೆ ನಿಲ್ಲುತ್ತದೆ, ಇಲ್ಲವೇ ಆಟವೇ ಸ್ಥಗಿತಗೊಳ್ಳುತ್ತದೆ. ಹೆಜ್ಜೆ ಅದೇ, ಅದನ್ನು ಬರೆದಿಟ್ಟ ಕ್ರಮ ಮಾತ್ರ ಬೇರೆ.

ಪರಿವರ್ತಿಸಲು ತಂತ್ರಾಂಶಗಳಿವೆ. ಕಷ್ಟವಿರುವುದು ಒಪ್ಪಿಗೆಯಲ್ಲಿ. ಮೂಲ ರಚನಕಾರ ಒಪ್ಪದೆ ಪರಿವರ್ತಿತ ಫೈಲನ್ನು ಹಂಚಬಾರದೆಂಬುದು ಹವ್ಯಾಸಿಗಳ ಶಿಸ್ತು. ಆತ ಆಟ ಬಿಟ್ಟು ಹೋಗಿ ಉತ್ತರಿಸದಿದ್ದರೆ, ಅವನ ಶ್ರಮ ಹಳೆಯ ಆವೃತ್ತಿಯಲ್ಲೇ ಉಳಿಯುತ್ತದೆ.

ಹಳೆಯ ನಾಟಕಗಳ ಕ್ಯಾಸೆಟ್ಟುಗಳನ್ನು ಕಪಾಟಿನಲ್ಲಿ ಕಾಪಾಡಿಕೊಂಡು ಬಂದ ಕನ್ನಡ ಸಂಘಗಳಿಗೆ ಈ ಸಂಕಟ ಹೊಸದೇನಲ್ಲ.