ಹಳೆಯ ಹಾಯಿದೋಣಿಯ ಶಯನಸ್ಥಾನ

ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ನೆನೆಯಿಸಿ, ಪದರದ ಮೇಲೆ ಪದರವಾಗಿ ಅಚ್ಚಿನಲ್ಲಿ ಕೂಡಿಸಿ ಮಾಡಿದ ದೋಣಿಗೆ ಫೈಬರ್‌ಗ್ಲಾಸ್ ದೋಣಿಯೆಂದು ಹೆಸರು. 1959ರಲ್ಲಿ ನ್ಯೂಯಾರ್ಕಿನ ದೋಣಿಗಳ ಪ್ರದರ್ಶನಕ್ಕೆ ಬಂದ ‘ಟ್ರೈಟನ್’ ಎಂಬ ಹಾಯಿದೋಣಿಯು ಈ ಜಾತಿಯದು. ಕಾರ್ಲ್ ಆಲ್ಬರ್ಗ್ ಎಂಬವರು ರೂಪಿಸಿದ, ಸುಮಾರು 28 ಅಡಿ ಉದ್ದದ ಆ ದೋಣಿಯಲ್ಲಿ ನಾಲ್ವರು ಮಲಗಬಹುದಾಗಿದ್ದಿತು. ಸಾಧಾರಣ ಗೃಹಸ್ಥನೂ ಮಡದಿಮಕ್ಕಳೊಡನೆ ನೀರಿನ ಮೇಲೆ ರಾತ್ರಿ ಕಳೆಯುವ ಅನುಕೂಲವು ಇಂಥ ದೋಣಿಗಳಿಂದ ಒದಗಿತು. ಆ ಕಾಲದ ದೋಣಿಗಳಲ್ಲಿ ಅನೇಕವು ಇಂದಿಗೂ ತೇಲುತ್ತಿವೆ. ಗಾಜಿನ ಒಡಲು ಮರದಂತೆ ಕೊಳೆಯುವುದಿಲ್ಲ. ಕೊಳೆಯುವುದು ಅದರೊಳಗಿನ ಮರ. ಅದರಲ್ಲಿಯೂ ದೋಣಿಯ ಮೂತಿಯೊಳಗಿನ ಮಲಗುವ ಹಲಗೆಗಳು ಬಹು ಬೇಗನೆ ಕೆಡುವುವು. ಅವುಗಳನ್ನು ಹೊಸದಾಗಿ ಕಟ್ಟುವ ಕ್ರಮವನ್ನು ನಾವು ಇಲ್ಲಿ ವಿವರಿಸುವೆವು.

ಮೂತಿಯು ಕಿರಿದಾದಂತೆ ಈ ಶಯನಸ್ಥಾನವೂ ಕಿರಿದಾಗುತ್ತ ಹೋಗಿ, ಎರಡು ಬದಿಯ ಹಾಸಿಗೆಗಳೂ ಕಾಲ್ದೆಸೆಯಲ್ಲಿ ಒಂದಾಗಿ ಕೂಡುವುವು. ಇದು ಕೇವಲ ಮಂಚವಲ್ಲ. ಹಲಗೆಗಳ ಅಂಚನ್ನು ಒಡಲಿಗೆ ಬೆಸೆದಿರುವುದರಿಂದ, ಅಲೆಯ ಪೆಟ್ಟಿಗೆ ಒಡಲು ಬಾಗದಂತೆ ಅವು ತಡೆಯುತ್ತವೆ. ತಲೆದೆಸೆಯ ಅಡ್ಡಗೋಡೆಯು ಅನೇಕ ದೋಣಿಗಳಲ್ಲಿ ಹಾಯಿಕಂಬದ ಭಾರವನ್ನೂ ಹೊರುತ್ತದೆ. ಆದುದರಿಂದ ಕಂಬವನ್ನು ಇಳಿಸದೆ ಆ ಗೋಡೆಯನ್ನು ಕೀಳಕೂಡದು.

ಮೊದಲು ತಿಳಿಯಬೇಕಾದುದು ನೀರು ಬಂದ ದಾರಿ. ಮೇಲ್ಮುಚ್ಚಿಗೆಯಲ್ಲಿ ಬೋಲ್ಟುಗಳು ಹಾಯುವ ರಂಧ್ರಗಳ ಮೂಲಕ ಮಳೆನೀರು ಇಳಿಯುತ್ತದೆ. ಒಬ್ಬರು ಮೇಲೆ ನೀರು ಬಿಡುತ್ತಿರಲು ಇನ್ನೊಬ್ಬರು ಒಳಗೆ ದೀಪ ಹಿಡಿದು ನೋಡಿದರೆ ಸೋರುವ ಸ್ಥಳವು ಗೊತ್ತಾಗುವುದು. ಅದನ್ನು ಮುಚ್ಚದೆ ಹಾಕಿದ ಹೊಸ ಹಲಗೆಯು ಹಳೆಯದರ ಗತಿಯನ್ನೇ ಹೊಂದುವುದು.

ಬಳಿಕ ತಿರುಪುಳಿಯ ಮೊನೆಯಿಂದ ಮರವನ್ನು ಚುಚ್ಚಿನೋಡಿ, ಮೆದುವಾದುದೆಲ್ಲವನ್ನೂ ತೆಗೆಯತಕ್ಕದ್ದು. ಒಡಲು ಎಲ್ಲಿಯೂ ನೇರವಾಗಿರುವುದಿಲ್ಲ. ಆದಕಾರಣ ರಟ್ಟಿನಲ್ಲಿ ಮೊದಲು ಆಕಾರವನ್ನು ಕತ್ತರಿಸಿ, ಒಪ್ಪಿದ ಮೇಲೆಯೇ ಪ್ಲೈವುಡ್ಡಿಗೆ ಗರಗಸವಿಡಬೇಕು. ದೋಣಿಗೆಂದೇ ಮಾಡಿದ, ನೀರಿಗೆ ಬಿಡದ ಅಂಟಿನ ಪ್ಲೈವುಡ್ ಬೇಕು. ನೀರನ್ನು ಹೀರುವುದು ಮುಖ್ಯವಾಗಿ ಕೊಯ್ದ ಅಂಚು. ಅದಕ್ಕೆ ಎಪಾಕ್ಸಿ ರಾಳವನ್ನು ಎರಡು ಮೂರು ಸಲ ಹಚ್ಚುವುದು ಅವಶ್ಯ. ಹಲಗೆಯ ಗಡುಸಾದ ಅಂಚು ಒಡಲನ್ನು ಒತ್ತಬಾರದು. ಸ್ವಲ್ಪ ಸಂದು ಬಿಟ್ಟು, ಮೆದುವಾದ ನೊರೆಯ ಪಟ್ಟಿಯನ್ನಿಟ್ಟು, ಅದರ ಮೇಲೆ ಗಾಜಿನ ಬಟ್ಟೆಯ ಪಟ್ಟಿಗಳಿಂದ ಬೆಸೆಯಬೇಕು. ಅಂಟುವ ಜಾಗದ ಹಳೆಯ ಬಣ್ಣವನ್ನು ಪೂರ್ತಿಯಾಗಿ ಉಜ್ಜಿ ತೆಗೆಯದಿದ್ದರೆ ಬೆಸುಗೆಯು ಹಿಡಿಯದು. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕ್ಕೂ ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ತಕ್ಕ ಮುಸುಕು, ಕನ್ನಡಕ, ಕೈಚೀಲಗಳಿಲ್ಲದೆ ಯಾರೂ ಕೆಲಸಕ್ಕಿಳಿಯಬಾರದು, ಮಕ್ಕಳನ್ನು ದೂರವಿಡಬೇಕು.

ನೀರಿಗೆ ಇನ್ನೊಂದು ದಾರಿಯೂ ಉಂಟು. ಮಲಗಿದವರ ಉಸಿರು ಮತ್ತು ಬೆವರಿನ ಆವಿಯು ತಣ್ಣನೆಯ ಒಡಲನ್ನು ತಾಕಿ ಹನಿಗಟ್ಟುತ್ತದೆ. ಹಾಸಿಗೆಯ ಅಡಿಯು ಬೂಷ್ಟು ಹಿಡಿಯಲು ಇದೇ ಕಾರಣ. ಹಲಗೆಯ ಮೇಲೆ ತೆಳುವಾದ ರೀಪುಗಳನ್ನು ಸಂದುಬಿಟ್ಟು ಜೋಡಿಸಿ, ಗಾಳಿಯಾಡುವಂತೆ ಮಾಡಿದರೆ ಈ ತೊಂದರೆಯು ಬಹಳಮಟ್ಟಿಗೆ ನಿವಾರಣೆಯಾಗುವುದು.

ಎಲ್ಲವೂ ಮುಗಿದೊಡನೆ ಹಾಸಿಗೆ ಹಾಸಲು ಆತುರಪಡಬೇಡಿರೆಂದು ನಮ್ಮ ಸಲಹೆ. ಒಂದು ಜೋರಾದ ಮಳೆ ಸುರಿದುಹೋಗಲಿ. ಮರುದಿನ ಬೆಳಿಗ್ಗೆ ಗೂಡುಗಳ ಮೂಲೆಮೂಲೆಗೂ ಕೈಯಾಡಿಸಿ ನೋಡಿರಿ. ಕೈಗೆ ತೇವ ಹತ್ತದಿದ್ದರೆ, ಆ ರಾತ್ರಿ ಮಕ್ಕಳನ್ನು ನಿಶ್ಚಿಂತೆಯಿಂದ ಅಲ್ಲಿ ಮಲಗಿಸಬಹುದು.