ಬೆಸ ಸಂಖ್ಯೆಯ ಬೆಂಚು

ಬೇರೇನನ್ನೋ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದ ಚಿತ್ರವದು. ವಾರ್ಸಾ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ‘ಇಂಡೆಕ್ಸ್’, ಅಂದರೆ ಕಲಿತ ಪಾಠಗಳಿಗೆಲ್ಲ ಲೆಕ್ಕ ಇಡುವ ಪುಸ್ತಕ. ಅದರ ಮೇಲೊಂದು ಆಯತಾಕಾರದ ಮೊಹರು: ಈತನ ಜಾಗ ಬೆಸ ಸಂಖ್ಯೆಯ ಬೆಂಚುಗಳಲ್ಲಿ. ಯೆಹೂದಿ ಎಂಬ ಮಾತೇ ಅಲ್ಲಿಲ್ಲ. ನಮ್ಮ ಹಾಲ್ ಟಿಕೆಟ್ಟಿನ ಮೊಹರಿನಷ್ಟೇ ಸಾಧುವಾಗಿ ಕಾಣುತ್ತದೆ. ಅಂದಿನಿಂದ ಅದು ತಲೆಯಿಂದ ಇಳಿದಿಲ್ಲ.

ಇದು ಹಿಟ್ಲರನ ಕೆಲಸವಲ್ಲ. ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗುವ ಮೊದಲೇ, ಸ್ವತಂತ್ರ ಪೋಲೆಂಡಿನ ವಿಶ್ವವಿದ್ಯಾಲಯಗಳು ತಾವಾಗಿ ಹಾಕಿದ ಮೊಹರು. ‘ಘೆಟ್ಟೋ ಬೆಂಚು’, ಅಂದರೆ ಯೆಹೂದಿ ವಿದ್ಯಾರ್ಥಿಗಳಿಗೆಂದೇ ಬೇರ್ಪಡಿಸಿದ ಬೆಂಚು, ಮೊದಲು ಬಂದದ್ದು 1935ರ ಡಿಸೆಂಬರಿನಲ್ಲಿ, ಲ್ವೂಫ್ ಪಾಲಿಟೆಕ್ನಿಕ್ಕಿನಲ್ಲಿ. ಆ ಊರು ಈಗ ಉಕ್ರೇನಿನ ಲ್ವಿವ್. 1937ರ ಅಕ್ಟೋಬರಿನಲ್ಲಿ ವಾರ್ಸಾ ಕೂಡ ಸೇರಿಕೊಂಡಿತು. ಕ್ಯಾಂಪಸ್ಸಿನಲ್ಲಿ ಹೊಡೆದಾಟ ನಿಲ್ಲಬೇಕಲ್ಲ, ಅದಕ್ಕೆ ಎಂಬುದು ಆಡಳಿತದ ಸಮಜಾಯಿಷಿ. ಹೊಡೆಯುವವರು ರಾಷ್ಟ್ರವಾದಿ ವಿದ್ಯಾರ್ಥಿಗಳು. ಜಾಗ ಬದಲಿಸಬೇಕಾದವರು ಹೊಡೆತ ತಿಂದವರು. ಇಂಥ ಶಾಂತಿಸೂತ್ರ ನನಗಂತೂ ಅರ್ಥವಾಗುವುದಿಲ್ಲ. ಪ್ರವೇಶದಲ್ಲೇ ಜರಡಿ ಹಿಡಿಯುವುದೂ ನಡೆದಿತ್ತು. 1921–22ರಲ್ಲಿ ಒಟ್ಟು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗದಷ್ಟಿದ್ದ ಯೆಹೂದಿಗಳು 1938–39ರ ಹೊತ್ತಿಗೆ ನೂರಕ್ಕೆ ಎಂಟರ ಆಸುಪಾಸಿಗೆ ಇಳಿದರು. ಅನುಕೂಲವಿದ್ದವರು ಓದಲು ಫ್ರಾನ್ಸಿಗೋ ಇಟಲಿಗೋ ಹೋದರು.

ಆದರೆ ಆ ಇಂಡೆಕ್ಸ್ ವೈದ್ಯ ವಿದ್ಯಾರ್ಥಿಯದು ಅಂದೆನಲ್ಲ, ಅಲ್ಲಿಂದ ನನ್ನ ಗಮನ ಹರಿದದ್ದು ಹೆಣಗಳ ಕಡೆಗೆ. ಬೆಂಚಿನ ಜಗಳಕ್ಕೂ ಮುಂಚೆ, 1920ರ ದಶಕದಲ್ಲೇ, ಹೆಣದ ಜಗಳವೊಂದು ಎದ್ದಿತ್ತು. ಅಂಗರಚನಾ ಪಾಠಕ್ಕೆ ಬರುವ ಶವಗಳು ಹೆಚ್ಚಾಗಿ ಕ್ರೈಸ್ತರವು. ಯೆಹೂದಿಗಳು ಅವನ್ನು ಕೊಯ್ಯಕೂಡದು, ಕಲಿಯಬೇಕಿದ್ದರೆ ತಮ್ಮವರ ಹೆಣ ತಾವೇ ತರಲಿ ಎಂಬುದು ಸಹಪಾಠಿಗಳ ಹಟ. ಶವವನ್ನು ಊನವಾಗದಂತೆ, ತಡಮಾಡದೆ ಮಣ್ಣುಮಾಡಬೇಕೆಂಬುದು ಯೆಹೂದಿ ಸಂಪ್ರದಾಯ. ಇದು ಗೊತ್ತಿದ್ದೇ ಎಸೆದ ಸವಾಲು. ಪಾಪ, ಸಮುದಾಯದ ಹಿರಿಯರು ಇಕ್ಕಟ್ಟಿಗೆ ಸಿಕ್ಕರು. ಒಪ್ಪಿದರೆ ಧರ್ಮಭಂಗ, ಒಪ್ಪದಿದ್ದರೆ ಮಕ್ಕಳು ಡಾಕ್ಟರಾಗುವಂತಿಲ್ಲ. ಕೆಲವೆಡೆ ಒಪ್ಪಿದರು. ಆಗ ಛೇದನದ ಮೇಜಿಗೆ ಯಾರ ಹೆಣ ಹೋದೀತು? ಆಸ್ಪತ್ರೆಯಲ್ಲಿ ಸತ್ತ, ಕೇಳುವವರಿಲ್ಲದ ಬಡವರದು. ಸತ್ತ ಮೇಲೂ ಮತ ನೋಡಿ ಕೊಯ್ಯುವ ಅಂಗರಚನಾ ಶಾಸ್ತ್ರ ಅದಾವುದೋ! ಒಳಗಿನ ಯಕೃತ್ತು ಯಾರದೆಂದು ಯಾವ ಪ್ರಾಧ್ಯಾಪಕ ಹೇಳಬಲ್ಲ?

ಹಾಗೆಂದು ವಿದ್ಯಾರ್ಥಿ ಬದುಕು ಬರೀ ಗೋಳಾಗಿರಲಿಲ್ಲ. ಸಹಪಾಠಿಗಳ ಪರಸ್ಪರ ನೆರವಿನ ಸಂಘಗಳು ಬಾಗಿಲು ಮುಚ್ಚಿದಾಗ ಯೆಹೂದಿ ವಿದ್ಯಾರ್ಥಿಗಳು ತಮ್ಮವೇ ಸಂಘ ಕಟ್ಟಿಕೊಂಡರು. ವಾರ್ಸಾದ ಪ್ರಾಗಾ ಬಡಾವಣೆಯಲ್ಲಿ 1926ರ ಹೊತ್ತಿಗೆ ಅವರದೇ ದೊಡ್ಡ ಹಾಸ್ಟೆಲ್ ಎದ್ದಿತ್ತು.

ಬೆಂಚಿನ ಆಜ್ಞೆಗೆ ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: ಕೂರಲೇ ಇಲ್ಲ. ಪಾಠ ಮುಗಿಯುವ ತನಕ ನಿಂತೇ ಟಿಪ್ಪಣಿ ಬರೆದುಕೊಂಡರು. ನಿಂತದ್ದಕ್ಕೂ ಏಟು ಬಿತ್ತು. ಜೊತೆಗೆ ನಿಂತ ಪೋಲಿಷ್ ಸಹಪಾಠಿಗಳೂ ಇದ್ದರು. ಐವತ್ತಕ್ಕೂ ಹೆಚ್ಚು ಪ್ರಾಧ್ಯಾಪಕರು ಬಹಿರಂಗವಾಗಿ ವಿರೋಧಿಸಿದರು. ತತ್ತ್ವಶಾಸ್ತ್ರಜ್ಞ ತಾದೆಯುಶ್ ಕೊತಾರ್ಬಿನ್‌ಸ್ಕಿ ಅವರಲ್ಲೊಬ್ಬರು.

ಲ್ವೂಫ್ ವಿಶ್ವವಿದ್ಯಾಲಯದ ಕುಲಪತಿ ಸ್ತಾನಿಸ್ವಾಫ್ ಕುಲ್ಚಿನ್‌ಸ್ಕಿ ಸಸ್ಯಶಾಸ್ತ್ರಜ್ಞ. ಬೆಂಚಿನ ಆಜ್ಞೆಗೆ ಸಹಿ ಹಾಕುವ ಬದಲು 1938ರ ಜನವರಿಯಲ್ಲಿ ಹುದ್ದೆಯನ್ನೇ ಬಿಟ್ಟರು. ದೊಡ್ಡತನವೇ ಸರಿ, ಅನುಮಾನವಿಲ್ಲ. ಆದರೆ ಅವರು ಎದ್ದುಹೋದ ಮೇಲೆ ಬೇರೆಯವರು ಸಹಿ ಹಾಕಿದರು, ಬೆಂಚು ಬಂದೇ ಬಂತು. ಹೀಗಾಗಿ ನನ್ನ ಒಲವೆಲ್ಲ ವಾರ್ಸಾದ ಮಕ್ಕಳ ವೈದ್ಯ ಮಿಯೆಚಿಸ್ವಾಫ್ ಮಿಹಾವೊವಿಚ್ ಕಡೆಗೆ. ಅವರು ರಾಜೀನಾಮೆ ಕೊಡಲಿಲ್ಲ. ತಮ್ಮ ಮಕ್ಕಳ ಚಿಕಿತ್ಸಾಲಯದಲ್ಲಿ ಕುಲಪತಿಯ ಆಜ್ಞೆಯನ್ನು ಜಾರಿಗೇ ತರಲಿಲ್ಲ, ಅಷ್ಟೆ. ಅಲ್ಲಿ ಪಾಠ ಕೇಳಲು ಬಂದವರು ಬೆಸವೋ ಸಮವೋ ನೋಡದೆ ಖಾಲಿ ಇದ್ದಲ್ಲಿ ಕೂತರು.