ಮೊದಲು ನೀರಿನ ಪರೀಕ್ಷೆ, ಆಮೇಲೆ ಯಂತ್ರ

ಮುಂಬಯಿ: ಊರಿನ ಮನೆಯಂಗಳದ ಬಾವಿಯಿಂದ ಸೇದಿದ ನೀರನ್ನು ಹಾಗೆಯೇ ಕುಡಿದು ಬೆಳೆದವರು ಮಹಾನಗರದ ತುಳು-ಕನ್ನಡಿಗರಲ್ಲಿ ಅನೇಕರಿದ್ದಾರೆ. ಅದೇ ಮಂದಿ ಇಂದು ಅಡುಗೆಮನೆಯ ಗೋಡೆಗೆ ಯಾವ ನೀರು ಶುದ್ಧೀಕರಣ ಯಂತ್ರ ತಗಲಿಸಬೇಕೆಂಬ ಗೊಂದಲದಲ್ಲಿದ್ದಾರೆ. ಆರ್‌ಓ, ಯುವಿ, ಯುಎಫ್ ಎಂಬ ಹೆಸರುಗಳ ನಡುವೆ ಹೆಚ್ಚು ಬೆಲೆಯದೇ ಒಳ್ಳೆಯದೆಂದು ನಂಬಿ ಕೊಳ್ಳುವವರೇ ಹೆಚ್ಚು.

ಮನೆಬಾಗಿಲಿಗೆ ಬರುವ ಕೆಲವು ಮಾರಾಟ ಪ್ರತಿನಿಧಿಗಳು ಈ ಗೊಂದಲಕ್ಕೆ ಭಯವನ್ನೂ ಸೇರಿಸುತ್ತಾರೆ. ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಇಟ್ಟು, ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹಾಯಿಸುತ್ತಾರೆ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಕಂದು ರಾಡಿಯಾಗುತ್ತದೆ. ಮನೆಯ ಹಿರಿಯರು ಗಾಬರಿಯಾಗಿ ಅಲ್ಲಿಯೇ ಮುಂಗಡ ಹಣ ಕೊಟ್ಟುಬಿಡುತ್ತಾರೆ. ವಾಸ್ತವದಲ್ಲಿ ಆ ರಾಡಿ ನೀರಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಸವೆದು ಬಂದ ತುಕ್ಕು. ನೀರಿನಲ್ಲಿ ಲವಣಾಂಶವಿದ್ದರೆ ವಿದ್ಯುತ್ ಹರಿದು ಕಡ್ಡಿ ಸವೆಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ.

ಮೀಟರ್ ಹೇಳುವುದೇನು?

ಟಿಡಿಎಸ್ ಮೀಟರಿನ ಮಾತೂ ಅಷ್ಟೇ. ಅದು ಅಂದಾಜಿಸುವುದು ನೀರಿನಲ್ಲಿ ಕರಗಿರುವ ಲವಣಾಂಶವನ್ನು ಮಾತ್ರ. ರೋಗಾಣು ಅದರ ಕಣ್ಣಿಗೆ ಬೀಳದು. ಮೀಟರ್ 50 ತೋರಿಸಿದ ನೀರಿನಲ್ಲೂ ಕಾಮಾಲೆಯ ವೈರಾಣು ಇರಬಹುದು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ.

ಮುಂಬಯಿ ಪಾಲಿಕೆ ಪೂರೈಸುವುದು ಭಾತ್ಸಾ, ವೈತರಣಾ, ತಾನ್ಸಾ ಮೊದಲಾದ ಜಲಾಶಯಗಳ ಮಳೆನೀರು. ಭಾಂಡುಪ್ ಮತ್ತು ಪಾಂಜ್ರಾಪುರದ ಘಟಕಗಳಲ್ಲಿ ಅದನ್ನು ಶುದ್ಧೀಕರಿಸಲಾಗುತ್ತದೆ. ಇದರ ಟಿಡಿಎಸ್ 500ಕ್ಕಿಂತ ಬಹಳ ಕಡಿಮೆ. ಹಾಗಾಗಿ ಈ ನೀರು ಬರುವ ಮನೆಗೆ ಸಾಮಾನ್ಯವಾಗಿ ಆರ್‌ಓ ಬೇಕಿಲ್ಲ. ಆರ್‌ಓ ಇರುವ ಖನಿಜಾಂಶವನ್ನೂ ತೆಗೆದುಹಾಕುತ್ತದೆ. ಮನೆಬಳಕೆಯ ಅನೇಕ ಯಂತ್ರಗಳು ಒಂದು ಲೀಟರ್ ನೀರು ಕೊಡಲು ಮೂರು ಲೀಟರಿನಷ್ಟನ್ನು ಹೊರಬಿಡುತ್ತವೆ. ಟಿಡಿಎಸ್ 500ಕ್ಕಿಂತ ಕಡಿಮೆಯಿರುವಲ್ಲಿ ಆರ್‌ಓ ಬಳಕೆ ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿದ್ದೂ ಇದೇ ಕಾರಣಕ್ಕೆ.

ಯಾರಿಗೆ ಯಾವುದು?

ಹಾಗೆಂದು ನಲ್ಲಿ ನೀರನ್ನು ಕಣ್ಣುಮುಚ್ಚಿ ಕುಡಿಯಬಹುದೆಂದಲ್ಲ. ಘಟಕದಿಂದ ಹೊರಟ ಶುದ್ಧ ನೀರು ಕೆಡುವುದು ದಾರಿಯಲ್ಲಿ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವಾಗ, ಉಳಿದ ಹೊತ್ತು ಒತ್ತಡವಿಲ್ಲದ ಕೊಳವೆಯ ಬಿರುಕಿನಿಂದ ಚರಂಡಿ ನೀರು ಒಳಸೇರಬಹುದು. ಮಳೆಗಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಟ್ಟಡದ ಟ್ಯಾಂಕಿಗಳಲ್ಲಿ ನಿಂತ ನೀರಿನ ಕ್ಲೋರಿನ್ ಕೂಡ ಕುಗ್ಗುತ್ತದೆ. ಇಂತಹ ನೀರಿಗೆ ಇಂಗಾಲದ ಫಿಲ್ಟರ್ ಸಹಿತವಾದ ಯುವಿ ಯಂತ್ರ ಸಾಕು. ನೇರಳಾತೀತ ಕಿರಣ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಆದರೆ ನೀರು ಕದಡಿದ್ದರೆ ಕಿರಣ ಒಳಹೋಗದು, ಆದ್ದರಿಂದ ಅದಕ್ಕೆ ಮುಂಚೆ ಸೋಸುವುದು ಅಗತ್ಯ. ಯುಎಫ್‌ಗೆ ವಿದ್ಯುತ್ ಬೇಡ. ಅದು ಬ್ಯಾಕ್ಟೀರಿಯಾ ತಡೆದರೂ ವೈರಾಣುಗಳನ್ನೆಲ್ಲ ತಡೆಯುವ ಭರವಸೆಯಿಲ್ಲ. ಯಂತ್ರ ಕೊಳ್ಳಲಾಗದವರು ನೀರನ್ನು ಸೋಸಿ, ಒಂದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಕುಡಿದರೆ ರೋಗಾಣುಗಳಿಂದ ರಕ್ಷಣೆ ಸಿಗುತ್ತದೆ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ಕಟ್ಟಡಗಳ ಲೆಕ್ಕ ಬೇರೆ. ಚೆನ್ನೈಯ ಕಡಲತಡಿಯಲ್ಲಿ ಉಪ್ಪಿನಂಶ, ಹೈದರಾಬಾದ್ ಸಮೀಪದ ನಲ್ಗೊಂಡದಂತಹ ಕಡೆ ಫ್ಲೋರೈಡ್ ಅಂತರ್ಜಲದ ಹಳೆಯ ಪೀಡೆಗಳು. ಇವನ್ನು ಯುವಿ ತೆಗೆಯದು, ಕುದಿಸಿದರೂ ಹೋಗದು. ಅಲ್ಲಿ ಆರ್‌ಓ ನಿಜಕ್ಕೂ ಉಪಯುಕ್ತ. ಆದರೆ ಕೊಳ್ಳುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಹಾಗೂ ಕೋಲಿಫಾರ್ಮ್ ರೋಗಾಣು ಪರೀಕ್ಷೆ ಮಾಡಿಸುವುದು ಲೇಸು. ಹೊರಬೀಳುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು.

ಬೆಲೆ ಕೇಳುವಾಗ ವರ್ಷದ ಖರ್ಚನ್ನೂ ಕೇಳಬೇಕು. ಫಿಲ್ಟರ್, ಯುವಿ ದೀಪ, ಆರ್‌ಓ ಪೊರೆ ಎಲ್ಲವೂ ಕಾಲಕಾಲಕ್ಕೆ ಬದಲಾಗಬೇಕಾದವು. ಬದಲಾಯಿಸದೆ ಬಿಟ್ಟ ಫಿಲ್ಟರಿನಲ್ಲೇ ರೋಗಾಣು ಬೆಳೆಯುತ್ತದೆ. ಹತ್ತಿರದಲ್ಲಿ ಸರ್ವಿಸ್ ಸಿಗದ ಯಂತ್ರ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ.

ಸಂಘಗಳು ಮನಸ್ಸು ಮಾಡಿದರೆ

ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಮಧುಮೇಹ ತಪಾಸಣೆ ನಡೆಸುವ ನಮ್ಮ ಸಂಘ-ಸಂಸ್ಥೆಗಳು ಸದಸ್ಯರ ಮನೆಗಳ ನೀರಿನ ಪರೀಕ್ಷೆಯನ್ನೂ ಒಟ್ಟಾಗಿ ಮಾಡಿಸಬಹುದು. ಸೊಸೈಟಿಗಳ ಆಡಳಿತ ಸಮಿತಿಯಲ್ಲಿರುವ ಕನ್ನಡಿಗರು ಆರು ತಿಂಗಳಿಗೊಮ್ಮೆಯಾದರೂ ಟ್ಯಾಂಕಿ ತೊಳೆಸಲು ಮುಂದಾಗಬಹುದು. ಟ್ಯಾಂಕಿ ಶುಚಿಯಾದರೆ ಯಂತ್ರ ಕೊಳ್ಳಲಾಗದ ಮನೆಯ ಮಗುವಿಗೂ ಅದರ ಲಾಭ ಸಿಗುತ್ತದೆ.